ಹಳೆಯ ಯಂತ್ರದಲ್ಲಿ ಇನ್ನೂ ಆಡುತ್ತಿದ್ದವರು

ಪದವೀಧರನಾದವನು ದೆವ್ವಗಳಿಗೆ ಹೆದರಬಾರದೆಂದು ನಾನು ಬಹುಕಾಲ ನಂಬಿದ್ದೆ. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗನು ನಾನೇ ಆದ್ದರಿಂದ, ಈ ವಿಷಯದಲ್ಲಿ ವಿಚಾರಿಸಲು ಹಿರಿಯರಾರೂ ಇರಲಿಲ್ಲ.

ಸರಸ್ವತಿಪುರಂನ ಮಹಡಿಮನೆಯೊಂದರಲ್ಲಿರುವ ನಮ್ಮ ಕಚೇರಿಯು, ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರಗಳಿಗೆ ಗೇಮ್ ತಯಾರಿಸುತ್ತದೆ. ಪಾಳುಬಿದ್ದ ಅರಮನೆಯಲ್ಲಿ ಕೋಣೆಯಿಂದ ಕೋಣೆಗೆ ದೀಪ ಹಚ್ಚುತ್ತ ಹೋಗುವುದು ನಮ್ಮ ಜನಪ್ರಿಯ ಗೇಮ್. ಜನಪ್ರಿಯ ಎಂಬುದು ನಮ್ಮದೇ ಪ್ರಕಟಣೆಯ ಮಾತು. ಈಚೆಗೆ ಪ್ರತಿಸ್ಪರ್ಧಿ ಕಂಪನಿಯ ಯಂತ್ರವು ಮಾರುಕಟ್ಟೆಯನ್ನು ಗೆದ್ದುದರಿಂದ ನಾವೂ ಅತ್ತ ಹೊರಳಿ, ಹಳೆಯ ಯಂತ್ರದ ಆಟ ನಡೆಸುವ ಸರ್ವರ್ ಅನ್ನು ಮುಚ್ಚುವುದೆಂದು ತೀರ್ಮಾನವಾಯಿತು. ಹಳೆಯದರಲ್ಲಿ ಎಷ್ಟು ಜನ ಉಳಿದಿದ್ದಾರೆಂಬ ವರದಿಯ ಹೊಣೆ ನನ್ನದು. ನಿಯಮದಂತೆ ಸಿಬ್ಬಂದಿಯ ಹೆಸರುಗಳನ್ನು ಬಿಟ್ಟು ಎಣಿಸಿ, ‘ಯಾರೂ ಇಲ್ಲ’ ಎಂದು ಬರೆದು ಸಹಿ ಹಾಕಿದೆ.

ಸಹಿಯಾದ ಮೇಲೆ ಪರಿಶೀಲಿಸುವುದು ನನ್ನ ರೂಢಿ. ಮಧ್ಯಾಹ್ನ ಎರಡೂವರೆಗೆ ಪೂರ್ಣ ಪಟ್ಟಿಯನ್ನು ತೆರೆದರೆ, ಒಬ್ಬರು ಆಡುತ್ತಿದ್ದರು. ಹೆಸರು: ಶಿವಸ್ವಾಮಿ, ಬಿ.ಎಸ್ಸಿ. ಅದು ನಾನೇ. ಪರೀಕ್ಷೆಗೆಂದು ಖಾತೆ ತೆರೆದಾಗ ಪದವಿಯನ್ನೂ ಸೇರಿಸಿದ್ದೆ. ಲಗ್ನಪತ್ರಿಕೆಗಳಲ್ಲಿ ಹಾಗೆಯೇ ಇರುತ್ತದೆ. ನನ್ನ ಹೆಸರು ಹೊತ್ತ ಆಕೃತಿಯು ಕತ್ತಲ ಮೊಗಸಾಲೆಯಲ್ಲಿ ನಡೆದು, ಪ್ರತಿ ಬಾಗಿಲಲ್ಲೂ ತುಸು ನಿಂತು, ಆಮೇಲೆ ಒಳಹೋಗುತ್ತಿತ್ತು. ಹಾಗೆ ನಿಲ್ಲುವುದರಿಂದ ಆಟದಲ್ಲಿ ಯಾವ ಲಾಭವೂ ಇಲ್ಲ. ನಿಲ್ಲುವವನು ನಾನೊಬ್ಬನೇ ಎಂದು ಸಹೋದ್ಯೋಗಿಗಳು ನಕ್ಕಿದ್ದುಂಟು. ನನ್ನ ಎರಡು ಕೈಗಳೂ ಮೇಜಿನ ಮೇಲೆಯೇ ಇವೆಯೆಂಬುದನ್ನು ನೋಡಿ ಖಚಿತಪಡಿಸಿಕೊಂಡೆ.

ಮರುದಿನವೂ ಅದೇ ಹೊತ್ತಿಗೆ ಅದು ಬಂದಿತು. ಮೇಲಧಿಕಾರಿ ಫಿಲೋಮಿನಾ ಮೇಡಂ ಅವರಿಗೆ ನಿವೇದಿಸಿದೆ.

“ನೀವೇ ಆಡಿ ಮರ್ತಿರ್ತೀರ ಕಣ್ರೀ. ಶುಕ್ರವಾರ ಮೂರು ಗಂಟೆಗೆ ಮುಚ್ಬುಡಿ.”

ಗುರುವಾರ ಅರ್ಧ ದಿನ ರಜೆ ಹಾಕಿ ಅಶೋಕಪುರಂನ ಮನೆಗೆ ಬಂದೆ. ಅಮ್ಮ ಅಗರಬತ್ತಿ ಹೊಸೆಯುವ ಮಣೆಯನ್ನು ಬದಿಗಿಟ್ಟು, ಹಿಂದೊಮ್ಮೆ ನಾನು ತಂದು ಮರೆತಿದ್ದ ಹಳೆಯ ಯಂತ್ರವನ್ನು ಹಿಡಿದು ಕುಳಿತಿದ್ದಳು. ಅದರಲ್ಲಿ ನನ್ನ ಖಾತೆ ಹಾಗೆಯೇ ತೆರೆದಿತ್ತು. ಗುಂಡಿಗಳೆಲ್ಲ ಅಗರಬತ್ತಿಯ ಕಪ್ಪು ಪುಡಿ. ಪರದೆಯಲ್ಲಿ ಆ ಆಕೃತಿ ಬಾಗಿಲಲ್ಲಿ ನಿಂತಿತ್ತು.

“ಯಾಕಮ್ಮ ನಿಂತೆ?”

“ಯಾರ್ದೋ ಮನೆ ಕಣಪ್ಪ. ಬಾ ಅನ್ನದೆ ಎಂಗೆ ನುಗ್ಗೋದು?”

“ಒಳಗೆ ಯಾರೂ ಇಲ್ಲಮ್ಮ.”

“ಅದು ನಿಂಗೆಂಗೆ ಗೊತ್ತು?”

ಆ ಗೇಮ್ ರೂಪಿಸಿದವರಲ್ಲಿ ನಾನೂ ಒಬ್ಬ. ಆದರೂ ಪರದೆಯತ್ತ ಬಗ್ಗಿ ನೋಡಿದೆ.

“ಇನ್ನೊಂದೇ ಕೋಣೆ ಐತೆ,” ಎಂದಳು. “ನಾಳೆ ಅದ್ಕೂ ದೀಪ ಹಚ್ಬುಟ್ರೆ ಅರಮನೆ ಪೂರಾ ಬೆಳಕಾಯ್ತದೆ.”

ನಾಳೆ ಮೂರು ಗಂಟೆಗೆ ಎಲ್ಲವೂ ಮುಚ್ಚುತ್ತದೆಂದು ತಿಳಿಸಲು ಸೂಕ್ತ ವಾಕ್ಯವೊಂದನ್ನು ರಚಿಸುತ್ತಿದ್ದಂತೆಯೇ ಬೆಳಗಾಯಿತು.

ಶುಕ್ರವಾರ ಮೂರಕ್ಕೆ ಎರಡು ನಿಮಿಷವಿದ್ದಾಗ, ಕಚೇರಿಯ ಪರದೆಯಲ್ಲಿ ಆಕೃತಿಯು ಕೊನೆಯ ಬಾಗಿಲಿಗೆ ಬಂದು ನಿಂತಿತು. ಕೊನೆಯದೆಂಬ ಮರ್ಯಾದೆಗೋ ಏನೋ, ಎಂದಿಗಿಂತ ಹೆಚ್ಚು ಹೊತ್ತು ನಿಂತಿತು. “ಒಳಗೆ ಹೋಗಮ್ಮ,” ಎಂದು ಗೊಣಗಿದೆ.

ಮೇಡಂ ನನ್ನ ಬೆನ್ನ ಹಿಂದೆ ನಿಂತಿದ್ದರು. “ಯಾರಿಗ್ರೀ ಹೇಳ್ತಿದ್ದೀರಿ? ಯಾರಾದ್ರೂ ಆಡ್ತಿದ್ದಾರಾ?”

ನನ್ನ ಸಹಿಯಿದ್ದ ವರದಿ ಅವರ ಕೈಯಲ್ಲಿತ್ತು. “ಯಾರೂ ಇಲ್ಲ ಮೇಡಂ,” ಎಂದು ಸರ್ವರ್ ಮುಚ್ಚುವ ಗುಂಡಿ ಒತ್ತಿದೆ.

ಸಂಜೆ ಅಮ್ಮ ಬತ್ತಿ ಹೊಸೆಯುತ್ತಿದ್ದಳು. ತಲೆಯೆತ್ತದೆ ಹೇಳಿದಳು: “ಬಾಗ್ಲಲ್ಲೇ ನಿಂತಿದ್ದೆ ಕಣಪ್ಪ. ಒಳಗಿಂದ ಯಾರೋ ಎಲ್ಲಾ ದೀಪಾನೂ ಆರಿಸ್ಬುಟ್ರು. ನೀನು ಯಾರೂ ಇಲ್ಲ ಅಂತಿದ್ದೆ, ಒಳಗೆ ಅವ್ರೆ ನೋಡು.”

“ಹೌದಮ್ಮ, ಇದ್ದಾರೆ,” ಎಂದೆ. ಯಾರೆಂದು ಅವಳು ಕೇಳಲಿಲ್ಲ. ಸೋಮವಾರದಿಂದ ಹೊಸ ಯಂತ್ರದ ಕೆಲಸವೆಂದಷ್ಟೇ ತಿಳಿಸಿ, ಕೈ ತೊಳೆದುಕೊಳ್ಳಲು ಹೋದೆ.