ತಟ್ಟೆಯಲ್ಲಿ ಮೂಡಿದ ಹೆಜ್ಜೆ

ಬೀಗ ಹಾಕಿದ ಕೋಣೆ. ಒಳಗೆ ಕುಕ್ಕೆ ಮುಚ್ಚಿದ ತಟ್ಟೆ. ನಾಲ್ಕು ದಿನ ಬಿಟ್ಟು ತೆಗೆದರೆ ಏನಿತ್ತು, ಊಹಿಸಿ ನೋಡೋಣ! ಆಗಲ್ಲ ಬಿಡಿ. ಇಂಥವೆಲ್ಲ ನನಗೇ ಬಂದು ಅಂಟಿಕೊಳ್ಳುತ್ತವೆ.

೧. ಕೆರೆ

ಐವತ್ತರ ದಶಕದಲ್ಲಿ ಬಿ.ಎಸ್ಸಿ. ಮುಗಿಸಿ ಶಿಡ್ಲಘಟ್ಟದ ಕಡೆ ಮೇಷ್ಟ್ರಾಗಿದ್ದೆ. ಮಳೆಗಾಳಿಗೆ ದಾರಿ ತಪ್ಪಿದ ಬಿಳಿ ಕಡಲ ಹಕ್ಕಿಯೊಂದು ಮೀನಿನ ಬಲೆಗೆ ಸಿಕ್ಕಿತ್ತು. ಅದರ ಕಾಲಲ್ಲಿ ಯಾವ ಬೂಷ್ಟು ಬಂದಿದೆಯೋ ನೋಡುವ ಹುಚ್ಚು ನನಗೆ.

“ಸಾರು ಮಾಡ್ತೀರಾ ಮೇಷ್ಟ್ರೇ?” ಎಂದ ಮೀನುಗಾರ.

“ಇಲ್ಲಪ್ಪ. ತಟ್ಟೆ ಮೇಲೆ ನಡೆಸಿ, ಬಿಟ್ಟುಬಿಡ್ತೀನಿ.”

ಅವತ್ತಿನಿಂದ ನನ್ನನ್ನು ಕಂಡರೆ ಅವನು ತೆಪ್ಪವನ್ನು ಆಚೆ ದಡಕ್ಕೇ ತಿರುಗಿಸುತ್ತಿದ್ದ.

೨. ಅಡುಗೆಮನೆ

ಬೂಷ್ಟು ಬೆಳೆಯಲೆಂದು, ಹೆಪ್ಪುಗಟ್ಟಿಸುವ ಚೈನಾಗ್ರಾಸ್, ಆಲೂಗಡ್ಡೆ ಬೇಯಿಸಿದ ನೀರು, ಬೆಲ್ಲ ಸೇರಿಸಿ ಕಾಯಿಸಿ ತಟ್ಟೆಗೆ ಸುರಿದೆ.

“ಹಲ್ವಾನೇನಪ್ಪಾ?” ಎಂದರು ಮನೆ ಒಡತಿ ಅಜ್ಜಿ.

“ಹಕ್ಕಿ ತುಳಿಯೋಕೆ ಅಜ್ಜಿ.”

“ಮನುಷ್ಯರ ಕಾಫಿಗೇ ಬೆಲ್ಲ ಇಲ್ಲ, ಹಕ್ಕಿ ಕಾಲಿಗೆ ಬೇಕಾ!”

ಹಕ್ಕಿ ನಡೆಯಿತು, ಹಾರಿತು. ತಟ್ಟೆಯಲ್ಲಿ ಒಂದು ಗುರುತೂ ಇರಲಿಲ್ಲ. “ಹುಳುಮನೆ ಹತ್ರ ಮಾತ್ರ ತರಬೇಡ, ಬೂಷ್ಟು ತಗುಲಿ ರೇಷ್ಮೆ ಹುಳು ಬೆಳ್ಳಗೆ ಸುಣ್ಣಕಟ್ಟಿ ಸಾಯ್ತವೆ” ಎಂದು, ತೀರಿಕೊಂಡ ಯಜಮಾನರ ಕತ್ತಲೆ ಕೋಣೆಯನ್ನು ಅಜ್ಜಿಯೇ ತೆರೆದುಕೊಟ್ಟರು. ಕುಕ್ಕೆಯನ್ನೂ ಅವರೇ ಮುಚ್ಚಿ, ಬೀಗ ಹಾಕಿದರು.

ಕಾರಣವಿತ್ತು. ಸಾವಾದ ಮನೆಯಲ್ಲಿ ಮೊರದ ತುಂಬ ಅಕ್ಕಿಹಿಟ್ಟು ಹರಡಿ, ಕುಕ್ಕೆ ಮುಚ್ಚಿ, ಮಾರನೇ ದಿನ ಯಾವ ಹೆಜ್ಜೆ ಮೂಡಿದೆ ಎಂದು ನೋಡುತ್ತಿದ್ದರು. ಹೋದವರು ಯಾವ ಜನ್ಮ ತಾಳಿದರೆಂದು ಅದರಿಂದ ತಿಳಿಯುತ್ತಿತ್ತಂತೆ. ಯಜಮಾನರು ಹೋದಾಗ ಇರುವೆ ಹೆಜ್ಜೆಯೂ ಮೂಡಿರಲಿಲ್ಲ.

“ಎರಡು ವರ್ಷವಾಯ್ತು. ಎಲ್ಲಿಗೆ ಹೋದ್ರೋ! ಬದುಕಿದ್ದಾಗಲೂ ಹೇಳಿ ಹೋದವರಲ್ಲ!”

೩. ಕೋಣೆ

ನಾಲ್ಕನೇ ಬೆಳಗ್ಗೆ ಅಜ್ಜಿ ಕಿರುಚಿದರು. ಓಡಿದೆ. ಖಾಲಿಯಿದ್ದ ತಟ್ಟೆಯಲ್ಲಿ ಈ ಅಂಚಿನಿಂದ ಆ ಅಂಚಿಗೆ ಬಿಳಿ ಹೆಜ್ಜೆಗಳು, ಮೈತುಂಬ ನವಿರು ಕೂದಲು. ಹಕ್ಕಿ ಹಾರಿ ನಾಲ್ಕು ದಿನವಾಗಿದೆ, ಹೆಜ್ಜೆ ಈಗ ನಡೆದು ಬರುತ್ತಿದೆ! ಓದಿದವನಾದರೂ ನನ್ನ ಮೈಮೇಲೆ ಮುಳ್ಳೆದ್ದಿತು.

“ಬಂದವ್ರೆ! ನೋಡು, ಎಲೆಅಡಿಕೆ ಉಗುಳಿದ ಕೆಂಪು ಕೂಡ ಅಯ್ತೆ!”

“ಅಜ್ಜಿ, ಬೆಳ್ಳಗಿರೋದು ಬೂಷ್ಟು, ಕೆಂಪಗಿರೋದು ಯೀಸ್ಟು. ಎಲ್ಲ ಆ ಕಡಲ ಹಕ್ಕಿ ಕಾಲಿಂದ ಬಂದಿದ್ದು.”

“ಕಡಲ ಹಕ್ಕಿನಾ?”

ಅಜ್ಜಿ ಗೋಡೆಗೊರಗಿ ಕೂತರು.

“ಮದುವೆಯಾದ ವರ್ಷ ‘ಸಮುದ್ರ ತೋರಿಸ್ತೀನಿ ಕಣೇ’ ಅಂದಿದ್ರು. ನಲವತ್ತು ವರ್ಷ ಚಿಂತಾಮಣಿ ಸಂತೆ ದಾಟಿಸ್ಲಿಲ್ಲ. ಈಗ ನೋಡು, ನನ್ನ ಬಿಟ್ಟು ಒಬ್ಬರೇ ಹೋಗಿ ಬಂದವ್ರೆ!”

ಅವತ್ತು ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಮಧ್ಯಾಹ್ನ ಯಜಮಾನರ ಎಲೆಗೆ ಎಲ್ಲವನ್ನೂ ಬಡಿಸಿದರು, ಅವರ ಪ್ರಾಣವಾದ ವಡೆಯೊಂದನ್ನು ಬಿಟ್ಟು.