ಕುದುರೆ ನೆನಪಿದೆ, ಕಾರು ನೆನಪಿಲ್ಲ

ಕಾರಿನ ಜಾಹೀರಾತುಗಳು ನನಗೆ ಅರ್ಥವಾಗುವುದಿಲ್ಲ ಎಂಬುದನ್ನು ಇಷ್ಟು ವರ್ಷ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಬಿಡುವ ಹಾಗೂ ಇರಲಿಲ್ಲ. ನಾನು ವಿಮಾ ಕಚೇರಿಯ ಮೋಟಾರು ವಿಭಾಗದವನು. ಕಾರು ನೋಡುವುದೇ ನನ್ನ ಹೊಟ್ಟೆಪಾಡು. ಆದರೆ ನಾನು ನೋಡುವ ಕಾರುಗಳ ಬಾಗಿಲು ಒಳಕ್ಕೆ ಹೋಗಿರುತ್ತದೆ, ಇಲ್ಲವೇ ಬಂಪರು ಡಿಕ್ಕಿಯೊಳಗೆ ಮಲಗಿರುತ್ತದೆ. ಸೂರತ್ತಿನಲ್ಲಿದ್ದಾಗ ನೀರಲ್ಲಿ ಮುಳುಗಿದವನ್ನು ನೋಡಿದೆ, ಅಹಮದಾಬಾದಿಗೆ ವರ್ಗವಾದಾಗ ಅಲ್ಲಿನ ನರೋಡಾದ ಲಾರಿಗಳಿಗೆ ಗುದ್ದಿದವನ್ನು ನೋಡಿದೆ, ಈಗ ವಡೋದರಾದಲ್ಲಿ ಹಸುವನ್ನು ತಪ್ಪಿಸಲು ಹೋಗಿ ಡಿವೈಡರ್ ಹತ್ತಿದವನ್ನು ನೋಡುತ್ತಿದ್ದೇನೆ. ಜಾಹೀರಾತಿನಲ್ಲಿ ಮಾತ್ರ ರಸ್ತೆ ಪೂರಾ ಖಾಲಿ. ಹಸುವಿಲ್ಲ, ಲಾರಿಯಿಲ್ಲ, ಅಡ್ಡ ನುಗ್ಗುವ ರಿಕ್ಷಾ ಇಲ್ಲ. ಅಷ್ಟು ಉದ್ದದ ರಸ್ತೆಯನ್ನು ಖಾಲಿ ಮಾಡಿಸಲು ಎಷ್ಟು ಖರ್ಚಾಗಿರಬೇಕು ಎಂದು ನಾನು ಯೋಚಿಸುತ್ತೇನೆ. ಮೇಲಿನಿಂದ ಚಿತ್ರ ತೆಗೆಯಲು ಹೆಲಿಕಾಪ್ಟರು, ಕೆಳಗೆ ಹಿಮ, ಹಿಮದಲ್ಲಿ ಓಡಲು ಕುದುರೆ, ಕುದುರೆಯನ್ನು ಹಿಡಿಯಲು ಆಳು, ಅವರೆಲ್ಲರ ಚಹಾ ತಿಂಡಿ. ಇದನ್ನೆಲ್ಲ ಕೊನೆಗೆ ಕೊಡುವವನು ಯಾರು? ಕಾರು ಕೊಂಡವನು. ಅಂದರೆ ಎಲ್ಲಿಯದೋ ಕುದುರೆಗೆ ನಾನು ಹುಲ್ಲು ಹಾಕಬೇಕು. ಯಾಕೆ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಅಂಥದ್ದೇ ಒಂದು ಜಾಹೀರಾತು ಶ್ರಾವಣ ಮುಗಿಯುವ ಹೊತ್ತಿಗೆ ನಮ್ಮ ಟಿವಿಯಲ್ಲಿ ಬಂತು. ನನ್ನ ಹೆಂಡತಿಯ ವಯಸ್ಸಿನ ಒಬ್ಬ ಹೆಂಗಸು, ಕೈಮಗ್ಗದ ಸೀರೆ ಉಟ್ಟು, ಮನೆಗೆ ಬೀಗ ಹಾಕಿ, ನೀಲಿ ಕಾರಿನಲ್ಲಿ ಒಬ್ಬಳೇ ಹೊರಡುತ್ತಾಳೆ. ಬೆಟ್ಟ ಬರುತ್ತದೆ, ಹಿಮ ಬರುತ್ತದೆ. ಕಾರಿನ ಪಕ್ಕದಲ್ಲಿ ಬಿಳಿ ಕುದುರೆಯೊಂದು ಓಡುತ್ತದೆ. ಅವಳು ಚಹಾ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಚಹಾ ಕುಡಿದು, ಸುಮ್ಮನೆ ನಗುತ್ತಾಳೆ. ಅಷ್ಟೇ. ಗಾಡಿಯ ಬೆಲೆ, ಎಂಜಿನ್ನು, ಡಿಕ್ಕಿ, ಯಾವುದರ ಸುದ್ದಿಯೂ ಇಲ್ಲ. ಚವಳಿಕಾಯಿ ಸೋಸುತ್ತಿದ್ದ ನನ್ನ ಹೆಂಡತಿ ಶಾರದಾ ಕೈ ನಿಲ್ಲಿಸಿ, "ಹಿಂಗ ಒಂದ್ ಸಲ ಹೋಗಬೇಕು ನೋಡ್ರಿ" ಎಂದಳು. ಮೂರು ಊರುಗಳಲ್ಲಿ ನನ್ನ ಸ್ಕೂಟರಿನ ಹಿಂದೆ ತರಕಾರಿ ಚೀಲ ಅವುಚಿಕೊಂಡು ಕೂತವಳು ಅವಳು. ಹೋದ ವರ್ಷ ಹಟ ಹಿಡಿದು ಡ್ರೈವಿಂಗ್ ಕಲಿತಳು. ಲೈಸೆನ್ಸು ಬಂದು ದೇವರ ಗೂಡಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಮೋಟಾರು ವಿಭಾಗದ ನನಗೆ ಇನ್ನೂ ಕಾರು ಓಡಿಸಲು ಬರುವುದಿಲ್ಲ, ಆ ಮಾತು ಬೇರೆ. ಅವಳ ದನಿ ಕೇಳಿ, "ಧನ್‌ತೇರಸ್ ದಿನಾ ಅದ ಕಾರು ನಮ್ಮನಿ ಮುಂದ ನಿಲ್ಲತದ" ಎಂದುಬಿಟ್ಟೆ. ಈ ಊರಲ್ಲಿ ದೀಪಾವಳಿಯ ಆ ದಿನ ಕಾರು ಮನೆಗೆ ತರುವುದೇ ಒಂದು ಪದ್ಧತಿ. ಮಾತು ಮುಗಿದ ಮೇಲೆ ಹೊಳೆಯಿತು, ಅದು ಯಾವ ಕಾರು?

ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗಳು ಅನಘಾ ಮೊಬೈಲಿನಲ್ಲಿ ಹುಡುಕಿ ಸುಸ್ತಾದಳು. ಹುಟ್ಟಿದ್ದು ಬೆಳೆದದ್ದೆಲ್ಲ ಗುಜರಾತಿನಲ್ಲೇ, ಅವಳ ಕನ್ನಡಕ್ಕೆ ಮೂರು ಕಡೆಯಿಂದ ನೆಂಟರು. "ಪಪ್ಪಾ, ಎಲ್ಲಾದ್ರಲ್ಲೂ ಪಹಾಡ್ ಇದೆ, ಎಲ್ಲಾದ್ರಲ್ಲೂ ಆಂಟಿ ಇದೆ. ಸಬ್ ಸೇಮ್" ಎಂದಳು. ಟಿವಿಯ ಮುಂದೆ ಕಾದು ಕೂತೆವು. ಜಾಹೀರಾತು ಮತ್ತೆ ಬಂತು, ಮತ್ತೆ ಮತ್ತೆ ಬಂತು. ಆದರೆ ಕಂಪನಿಯ ಹೆಸರು ಮೂಡುವ ಹೊತ್ತಿಗೇ ಸರಿಯಾಗಿ ಆ ಕುದುರೆ ಕತ್ತು ತಿರುಗಿಸಿ ನಮ್ಮತ್ತ ನೋಡುತ್ತದೆ. ನಾವು ಮೂವರೂ ಬಾಯಿ ತೆರೆದು ಕುದುರೆಯನ್ನೇ ನೋಡುತ್ತೇವೆ. ಹೆಸರು ಬಂದು ಹೋಗಿರುತ್ತದೆ. ಅಷ್ಟೆಲ್ಲ ದುಡ್ಡು ಸುರಿದವರಿಗೆ ಕುದುರೆಯ ಮುಖವನ್ನು ಆಚೆ ತಿರುಗಿಸಬೇಕೆಂದು ಹೊಳೆಯಲಿಲ್ಲವೇ? ನವರಾತ್ರಿ ಬರುವಷ್ಟರಲ್ಲಿ ಜಾಹೀರಾತು ಟಿವಿಯಿಂದಲೇ ಮಾಯವಾಯಿತು.

ಶೋರೂಮುಗಳಿಗೆ ಅಲೆದೆವು. ಟೈ ಕಟ್ಟಿದ ಹುಡುಗ ಕುದುರೆಯ ಕಥೆ ಕೇಳಿ, "ಹಾಂ ಸರ್, ವೋ ತೋ ಹಮಾರಾ ಹೀ ಹೈ" ಎಂದ. ಪಕ್ಕದ ಶೋರೂಮಿನ ಹುಡುಗನೂ ಅದು ತಮ್ಮದೇ ಎಂದ. ಅದರಾಚೆಯವನು ಸ್ವಲ್ಪ ಸತ್ಯವಂತ. "ಘೋಡಾ ನಹೀಂ ಸರ್, ಹಮಾರೇ ಮೇ ಹಿರನ್ ಹೈ" ಎಂದು ಒಪ್ಪಿಕೊಂಡು, ಕುದುರೆಗಿಂತ ಜಿಂಕೆ ಯಾವುದರಲ್ಲೂ ಕಡಿಮೆಯಿಲ್ಲ ಎಂಬಂತೆ ನೋಡಿದ. ತಲೆ ಕೆಟ್ಟು ಪಕ್ಕದ ಮನೆಯ ನಿಖಿಲ್‌ಭಾಯಿಯ ಹತ್ತಿರ ಹೋದೆ. ಪೈಪು ನಲ್ಲಿಗಳ ವ್ಯಾಪಾರಿ, ಸಂಜೆಯಾದರೆ ಜಗಲಿಯ ಉಯ್ಯಾಲೆಯ ಮೇಲೆ ಇರುತ್ತಾರೆ. ಬೆಟ್ಟ, ಹಿಮ, ಚಹಾ ಎಲ್ಲವನ್ನೂ ಗಮನವಿಟ್ಟು ಕೇಳಿ, ಕಾಲೂರಿ ಉಯ್ಯಾಲೆ ನಿಲ್ಲಿಸಿ, "ಏ ಬಧೂ ಠೀಕ್, ಎವರೇಜ್ ಕೇಟ್ಲೀ ಆಪೇ ಛೇ?" ಎಂದರು. ಅದೆಲ್ಲ ಸರಿ, ಲೀಟರಿಗೆ ಎಷ್ಟು ದೂರ ಓಡುತ್ತದೆ ಎಂದು. ಆ ಹೆಂಗಸು ಬೆಟ್ಟದವರೆಗೆ ಹೋದಳು ಎಂದಷ್ಟೇ ಹೇಳಿದೆ. ಅವರು ಮರುಕದಿಂದ ಉಯ್ಯಾಲೆ ಮುಂದುವರಿಸಿದರು.

ಕೊನೆಗೆ "ಹಮಾರಾ ಹೀ ಹೈ" ಎಂದವರಲ್ಲಿ ನೀಲಿ ಬಣ್ಣ ಸಿಕ್ಕಿದ ಕಡೆ ಕಾರು ತೆಗೆದುಕೊಂಡೆವು. ಧನ್‌ತೇರಸ್ ದಿನ ಕೆಂಪು ಬಟ್ಟೆ ಮುಚ್ಚಿ ನಿಲ್ಲಿಸಿದ್ದರು. ಬಾನೆಟ್ಟಿನ ಮೇಲೆ ಕುಂಕುಮದ ಸ್ವಸ್ತಿಕ, ಚಕ್ರದ ಮುಂದೆ ತೆಂಗಿನಕಾಯಿ. ಶೋರೂಮಿನ ಹುಡುಗಿಯೊಬ್ಬಳು ನಮ್ಮಿಂದ ಬಟ್ಟೆ ಎಳೆಸಿ, ಹಿನ್ನೆಲೆಗೆ ಸಂಗೀತ ಹಾಕಿ, ವಿಡಿಯೋ ಮಾಡಿ ಕೊಟ್ಟಳು. ಬಂಧು ಬಳಗಕ್ಕೆಲ್ಲ ಕಳಿಸಿದೆ. ಹುಬ್ಬಳ್ಳಿಯಿಂದ ತಮ್ಮ ಫೋನು ಮಾಡಿ, "ಅಣ್ಣಾ, ವಿಡಿಯೋ ಭಾಳ ಛಂದ ಬಂದದ. ವೈನಿ ಸೀರಿನೂ ಛಂದ ಅದ. ಗಾಡಿ ಯಾವ್ದು?" ಎಂದ. ಮತ್ತೊಮ್ಮೆ ಹಾಕಿ ನೋಡಿದೆ. ಮೊದಲಿಂದ ಕೊನೆಯವರೆಗೆ ಕಂಪನಿಯ ಹೆಸರಿಗೆ ಸರಿಯಾಗಿ ನನ್ನ ಹೊಟ್ಟೆ ಅಡ್ಡ ನಿಂತಿತ್ತು.

ಅವತ್ತೇ ಸಂಜೆ, ಹಬ್ಬದ ಸಂಭ್ರಮಕ್ಕೆಂದು ಆ ಜಾಹೀರಾತು ಮರಳಿ ಬಂತು. ಈ ಸಲ ಅನಘಾ ಓಡಿಹೋಗಿ ಟಿವಿಗೆ ಅಂಗೈ ಒತ್ತಿ ಕುದುರೆಯನ್ನು ಮುಚ್ಚಿದಳು. ಹೆಸರು ಸ್ಪಷ್ಟವಾಗಿ ಕಂಡಿತು. ನಮ್ಮ ಕಾರಿನದಲ್ಲ. ನಾವು ಕಾಲಿಡದ ಯಾವುದೋ ಶೋರೂಮಿನದು. ಜೀವಮಾನದಲ್ಲಿ ಶಾರದಾ ಬಾಯಿಬಿಟ್ಟು ಕೇಳಿದ್ದು ಒಂದೇ, ಅದನ್ನೂ ನಾನು ತಪ್ಪು ತಂದಿದ್ದೆ. ಮೆಲ್ಲಗೆ ಅವಳ ಮುಖ ನೋಡಿದೆ. ಅವಳು ಆರಾಮಾಗಿ ಚಕ್ಕುಲಿ ಮುರಿಯುತ್ತಿದ್ದಳು.

"ಅಯ್ಯ, ಕಾರ್ ಯಾವ್ದರ ಇರವಲ್ದ್ಯಾಕ" ಎಂದಳು. "ನಾ ಕಾರ್ ಎಲ್ಲಿ ನೋಡಿದ್ದೆ? ಆಕಿ ಒಬ್ಬಾಕೀನ ಹೊಂಟಿದ್ಲಲ್ರಿ, ಅದನ್ನ ನೋಡಿದ್ದೆ."

ಮುಂದಿನ ಭಾನುವಾರ ಬೆಳಿಗ್ಗೆ ಅವಳು ಕೈಮಗ್ಗದ ಸೀರೆ ಉಟ್ಟು, ಗೂಡಿನಿಂದ ಲೈಸೆನ್ಸು ತೆಗೆದು, ಕೀಲಿ ಹಿಡಿದು ಹೊರಟಳು. ನಾನೂ ಚಪ್ಪಲಿ ಮೆಟ್ಟಿ ಕಾರಿನ ಎಡಬಾಗಿಲಿಗೆ ಕೈ ಹಾಕಿದೆ.

"ನೀವೆಲ್ಲಿಗ್ರಿ?"

"ನಿನ್ನ ಜೋಡಿ."

"ಆ ಕಾರಿನ್ಯಾಗ ಗಂಡ ಇದ್ದನೇನು?"

ಇರಲಿಲ್ಲ. ಅಷ್ಟು ಸಲ ನೋಡಿದ್ದೇನೆ, ಖಂಡಿತ ಇರಲಿಲ್ಲ. "ಯಾವಾಗ ಬರ್ತಿ?" ಎಂದು ಕೇಳಿದೆ.

"ಚಾ ಕುಡದು ಬರ್ತೀನಿ. ಕುಕ್ಕರ್ ಇಟ್ಟೀನಿ, ಮೂರು ಸೀಟಿ ಆದಮ್ಯಾಲ ಬಂದ್ ಮಾಡ್ರಿ."

ಸರ್ಕಲ್ಲಿನಲ್ಲಿ ಮಲಗಿದ್ದ ಹಸುವನ್ನು ನಾಜೂಕಾಗಿ ಬಳಸಿಕೊಂಡು ನೀಲಿ ಕಾರು ಊರಾಚೆಯ ಕೊಯಾಲಿಯ ಕಡೆ ತಿರುಗಿ ಮರೆಯಾಯಿತು. ಉಯ್ಯಾಲೆಯ ಮೇಲಿಂದ ನಿಖಿಲ್‌ಭಾಯಿ, "ಎವರೇಜ್ ಕೇಟ್ಲೀ?" ಎಂದು ಕೂಗಿದರು. ನಾನು ಗೇಟು ಹಿಡಿದು ನಿಂತೇ ಇದ್ದೆ. ಅಷ್ಟೆಲ್ಲ ಖರ್ಚು ಮಾಡಿ ಹೆಲಿಕಾಪ್ಟರಿನಿಂದ ಹಿಮ, ಕುದುರೆ ಎಲ್ಲ ತೋರಿಸಿದವರು ಆ ಹೆಂಗಸಿನ ಗಂಡನನ್ನು ಯಾಕೆ ಒಂದು ಕ್ಷಣವೂ ತೋರಿಸಲಿಲ್ಲ, ಅವನು ಆ ಹೊತ್ತಿನಲ್ಲಿ ಎಲ್ಲಿದ್ದ ಎಂದು ಯೋಚಿಸುತ್ತಿದ್ದೆ. ಒಳಗೆ ಕುಕ್ಕರ್ ಕೂಗಿತು. ಅದು ಎರಡನೆಯದೋ ಮೂರನೆಯದೋ ತಿಳಿಯದೆ, ಓಡಿಹೋಗಿ ಒಲೆಯ ಮುಂದೆ ನಿಂತೆ.