ಏಜೆಂಟ್ ಪರಮೇಶಪ್ಪನ ಕಿವಿ

ಇಷ್ಟಕ್ಕೆಲ್ಲ ಕಾರಣ ಜಲತರಂಗ ಕಣ್ರೀ. ಪಿಂಗಾಣಿ ಬಟ್ಟಲುಗಳಿಗೆ ನೀರು ತುಂಬ್ಸಿ, ಸುತ್ತ ಜೋಡಿಸ್ಕೊಂಡು, ಎರಡು ಕಡ್ಡೀಲಿ ಟಿಣ್ ಟಿಣ್ ಅಂತ ಬಾರಿಸ್ತಾರಲ್ಲ, ಅದು. ಸೋಮವಾರಪೇಟೆ ಬಸ್ ಸ್ಟ್ಯಾಂಡಿನ ಏಜೆಂಟ್ ಪರಮೇಶಪ್ಪ ಅದನ್ನ ಕೇಳಿದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಮೂರೇ ನಿಮಿಷ. ನಾಲ್ಕನೇ ನಿಮಿಷಕ್ಕೆ ಪಕ್ಕದ ಮನೆ ಕರಿಬಸಪ್ಪ ಎದ್ದು, "ಇದೇನ್ರೀ ಇದು, ಹೋಟ್ಲಲ್ಲಿ ಲೋಟ ತೊಳೆದಂಗೆ!" ಅಂತ ರೇಡಿಯೋ ಕಿವಿ ಹಿಂಡಿ, ಏಲಕ್ಕಿ ಧಾರಣೆಗೆ ತಿರುಗಿಸಿಬಿಟ್ಟ.

ಯಾರ ಮನೆ ರೇಡಿಯೋ ಅಂದ್ಕೊಂಡ್ರಿ? ಪರಮೇಶಪ್ಪಂದೇ. ಮಾವ ಕೊಡಿಸಿದ್ದು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷ ಆಗಿತ್ತು ಆಗ, ಆ ಬೀದೀಲಿ ರೇಡಿಯೋ ಅಂತ ಇದ್ದಿದ್ದು ಅದೊಂದೇ. ಲೈಸೆನ್ಸ್ ಇದ್ದಿದ್ದು ಇವನ ಹೆಸರಲ್ಲಿ, ತಿರುಗಿಸೋ ಹಕ್ಕು ಇದ್ದಿದ್ದು ಬೀದಿಯವರ ಕೈಲಿ. ಸಂಜೆ ಏಳಾಯ್ತು ಅಂದ್ರೆ ಎದುರು ಮನೆ ಕಾಂತಮ್ಮ ಚಾಪೆ ಹಿಡ್ಕೊಂಡು ಬರೋಳು, ಅವಳಿಗೆ ಭಕ್ತಿಗೀತೆ ಬೇಕು. ಏಲಕ್ಕಿ ವ್ಯಾಪಾರದ ಕರಿಬಸಪ್ಪಂಗೆ ಧಾರಣೆ ಬೇಕು. ಹೆಂಡ್ತಿ ಸುಮಿತ್ರಮ್ಮಂಗೆ ನಾಟಕ ಬೇಕು, ಅಳೋ ನಾಟಕ ಆದ್ರೆ ಇನ್ನೂ ಒಳ್ಳೇದು. ಪರಮೇಶಪ್ಪಂಗೆ ಏನು ಬೇಕು ಅಂತ ಯಾರೂ ಕೇಳಿದವರಿಲ್ಲ. ಅವನ ಜಾಗ ಹೊಸ್ತಿಲ ಹತ್ರ, ಎಲ್ಲರ ಚಪ್ಪಲಿ ಪಕ್ಕ.

ಪಾಪ, ಅವನ ಕೆಲ್ಸಾನೂ ಅಂಥದ್ದೇ. ಬೆಳಗ್ಗೆ ಆರರಿಂದ ಸಂಜೆ ಆರರ ತನಕ "ಶನಿವಾರಸಂತೆ, ಕೊಡ್ಲಿಪೇಟೆ! ಯಾರ್ರೀ ಕೊಡ್ಲಿಪೇಟೆ!" ಅಂತ ಕೂಗೋದು. ಮನೆಗೆ ಬಂದ್ಮೇಲೂ ಕಿವಿಯೊಳಗೆ ಬಸ್ಸು ರಿವರ್ಸ್ ತಗೊಳ್ತಾನೇ ಇರೋದು. ಆ ಮೂರು ನಿಮಿಷ ಜಲತರಂಗ ಕೇಳ್ದಾಗ ಮಾತ್ರ ಬಸ್ಸೆಲ್ಲ ನಿಂತ್ಹೋಗಿ, ಯಾರೋ ತಣ್ಣೀರಲ್ಲಿ ಕಿವಿ ತೊಳೆದ ಹಾಗಾಗಿತ್ತಂತೆ.

ಈಗ ನೋಡಿ, ಆ ಸೋಮವಾರ ಸಂಜೆ ಏಳೂವರೆಗೆ ಮತ್ತೆ ಜಲತರಂಗ, ಅರ್ಧ ಗಂಟೆ, ಅಂತ ಪೇಪರಲ್ಲಿ ಬಂತು. ಅದನ್ನ ಕತ್ತರಿಸಿ ಜೇಬಲ್ಲಿ ಇಟ್ಕೊಂಡ. ಒಂದ್ಸಲ ಶುರುವಿಂದ ಕೊನೇ ತನಕ ಕೇಳ್ಬೇಕು, ನಡುವೆ ಯಾರೂ ಕೈ ಹಾಕಬಾರದು. ಅಷ್ಟೇ ಅವನ ಆಸೆ. ಎಸ್ಟೇಟ್ ಏನೂ ಕೇಳಿರಲಿಲ್ಲ.

ಸೋಮವಾರ, ಸಂತೆ ದಿನ, ಬೆಳಗ್ಗೆ ಬಸ್ ಸ್ಟ್ಯಾಂಡ್ ಹಿಂದೆ ದೇರಪ್ಪನ ಕೋಣೆ ಮುಂದೆ ಟೀ ಹಿಡ್ಕೊಂಡು ನಿಂತ. ದೇರಪ್ಪ ಅಂದ್ರೆ ಸಂಪಾಜೆ ಕಡೆಯವನು, ಮಿಲಿಟರಿ ಸಿಗ್ನಲ್ಸಲ್ಲಿ ಹವಾಲ್ದಾರ್ ಆಗಿದ್ದು, ಪೆನ್ಷನ್ ಬಂದ್ಮೇಲೆ ಇಲ್ಲಿ ರೇಡಿಯೋ ರಿಪೇರಿ ಇಟ್ಕೊಂಡಿದ್ದ. ಅವನ ಮಾತು ಅರ್ಧ ಅರೆಭಾಷೆ, ಕಾಲು ಮಿಲಿಟರಿ ಹಿಂದಿ, ಉಳಿದ ಕಾಲು ಬೈಗುಳ. 'ಇದೆ' ಅನ್ನೋಕೆ 'ಉಟ್ಟು' ಅನ್ನೋನು.

"ಎಂತ ಏಜೆಂಟ್ರೇ, ಮುಖ ಪಂಚರ್ ಆದ ಹಾಂಗೆ ಉಟ್ಟು?"

ಪರಮೇಶಪ್ಪ ಹೇಳ್ಕೊಂಡ. ದೇರಪ್ಪ ತೊಡೆ ತಟ್ಟಿ ನಕ್ಕ. "ಅರೆ ಮಾರಾಯ, ಇದಕ್ಕೆ ಅಳ್ತಾರಾ? ಹೆಡ್‌ಫೋನ್ ಹಾಕಿ! ನೀವು ಕೇಳೋದು ನಿಮಗೆ, ಊರವರಿಗೆ ಬರೀ ಗೋಡೆ!"

ಪೆಟ್ಟಿಗೆಯಿಂದ ಎರಡು ಜೊತೆ ತೆಗೆದ. ಎರಡೂ ಮಿಲಿಟರಿ ಹರಾಜಿಂದು. ಒಂದಕ್ಕೆ ಕಿವಿ ಮೇಲೆ ಕೂರೋ ಡಬ್ಬಿ ಪೂರ್ತಿ ಮುಚ್ಚಿತ್ತು. ಇನ್ನೊಂದರ ಡಬ್ಬಿ ಬೆನ್ನಿಗೆ ದೇರಪ್ಪನೇ ದೋಸೆ ಹೆಂಚಿನ ಥರ ತೂತು ಕೊರೆದಿದ್ದ.

"ಇದು ಮುಚ್ಚಿದ ಬೆನ್ನಿಂದು. ಇದು ತೆರೆದ ಬೆನ್ನಿಂದು. ಈಗ ಹೇಳಿ, ನಿಮಗೆ ಸಣ್ಣ ಸ್ವರ ಇಷ್ಟವಾ, ದಪ್ಪ ಸ್ವರ ಇಷ್ಟವಾ?"

"ಅಂದ್ರೆ?"

"ಹಾಡೋನು ಎದುರಿಗೆ ಕೂತು ಹಾಡಿದ ಹಾಂಗೆ ಬೇಕಾ, ತಲೆ ಒಳಗೆ ಕೂತು ಹಾಡಿದ ಹಾಂಗೆ ಬೇಕಾ?"

"ತಲೆ ಒಳಗೆ ಜಾಗ ಎಲ್ಲಿದೆ ದೇರಪ್ಪ?"

"ಕೂತು ಕೇಳ್ತೀರಾ, ಮಲಗಿ ಕೇಳ್ತೀರಾ? ಕಿವಿ ಬೆವರ್ತದಾ? ಎಡ ಕಿವಿ ಜಾಸ್ತಿ ಕೇಳೋದಾ, ಬಲ ಕಿವಿಯಾ?"

ಪರಮೇಶಪ್ಪಂಗೆ ತಲೆ ತಿರುಗ್ತು. ಹೆಣ್ಣು ನೋಡೋಕೆ ಹೋದಾಗಲೂ ಇವನನ್ನ ಇಷ್ಟು ಕೇಳಿರಲಿಲ್ಲ. ನಲವತ್ತೆರಡು ವರ್ಷ ಎರಡು ಕಿವಿ ಹೊತ್ಕೊಂಡು ತಿರುಗಿದ್ದಾನೆ, ಅದಕ್ಕೆ ಏನು ಇಷ್ಟ ಅಂತ ವಿಚಾರಿಸಿಯೇ ಇಲ್ಲ!

ಅಷ್ಟರಲ್ಲಿ ಮಡಿಕೇರಿ ಬಸ್ಸಿನ ಡ್ರೈವರ್ ಸಾಂತಪ್ಪ ಬೀಡಿ ಹಚ್ಕೊಂಡು ಬಂದ. "ಏಜೆಂಟ್ರಿಗೆ ದಪ್ಪ ಸ್ವರನೇ ಕೊಡಿ. ಹತ್ತು ವರ್ಷದಿಂದ ನನ್ನ ಹಾರನ್ ಕೇಳ್ತಾವ್ರೆ, ಅಭ್ಯಾಸ ಆಗೈತೆ."

ಸಂತೆಗೆ ಹೊರಟಿದ್ದ ಕಾಂತಮ್ಮ ಚೀಲ ಕೆಳಗಿಟ್ಟು ತೆರೆದ ಬೆನ್ನಿಂದನ್ನ ಕಿವಿಗೆ ಹಿಡಿದ್ಲು. "ಅಯ್ಯೋ, ಹಗುರ ಕಣಪ್ಪಾ. ಇದೇ ತಗೋ ಪರಮೇಶ. ಆ ಇನ್ನೊಂದು ನೋಡು, ಎಮ್ಮೆಗೆ ಕಟ್ಟೋ ಕುಕ್ಕೆ ಇದ್ದಂಗಿದೆ."

ಕರಿಬಸಪ್ಪನೂ ಬಂದ. ಮುಚ್ಚಿದ್ದನ್ನ ಹಾಕ್ಕೊಂಡು, ಕಣ್ಣು ಮುಚ್ಚಿ, ಎರಡು ನಿಮಿಷ ತಲೆ ಆಡಿಸಿ, "ಸ್ವರ ಭಾರಿ ಗಂಭೀರ ಐತೆ" ಅಂದ.

"ನಾನು ಇನ್ನೂ ಸೆಟ್ ಹಾಕ್ಲೇ ಇಲ್ಲಲ್ಲ" ಅಂದ ದೇರಪ್ಪ.

ಹೀಗೆ ಆರು ಜನ ಆರು ಥರ ಹೇಳಿದ್ರು. ಪರಮೇಶಪ್ಪಂಗೆ ಯಾವುದು ತನ್ನ ಇಷ್ಟ, ಯಾವುದು ಸಾಂತಪ್ಪಂದು, ಯಾವುದು ಕಾಂತಮ್ಮಂದು ಅಂತಲೇ ಗೊತ್ತಾಗದೆ, ಕೊನೆಗೆ ಮುಚ್ಚಿದ್ದನ್ನ ತಲೆಗೆ ಏರಿಸ್ಕೊಂಡ. ದೇರಪ್ಪ ಟೆಸ್ಟ್ ಸೆಟ್ಟಿನ ವಾಲ್ವು ಬಿಸಿಯಾಗ್ಲಿ ಅಂತ ಕಾಯ್ತಾ ಇದ್ದ. ಬಸ್ ಟೈಮ್ ಆಯ್ತಲ್ಲ, ಇವನು ಅದನ್ನ ಹಾಕ್ಕೊಂಡೇ, ವೈರನ್ನ ಹೆಗಲ ಮೇಲೆ ಇಳಿಬಿಟ್ಕೊಂಡು ಸಾಂತಪ್ಪನ ಬಸ್ಸಿನ ಹತ್ರ ಬಂದು ನಿಂತ.

ಏನೂ ಇಲ್ಲ! ಸದ್ದೇ ಇಲ್ಲ! ಸಂತೆ ಬಾಯಿಗಳೆಲ್ಲ ಅಲ್ಲಾಡ್ತಿವೆ, ಮಾತಿಲ್ಲ. ಬಸ್ಸು ಹೊಗೆ ಬಿಡ್ತಿದೆ, ಗುರ್ ಅನ್ನಲ್ಲ. ಪರಮೇಶಪ್ಪನ ಮುಖದಲ್ಲಿ ಎಣ್ಣೆ ಸ್ನಾನ ಮಾಡಿಸಿ ಮಲಗಿಸಿದ ಮಗುವಿನ ಥರ ಒಂದು ನಗು ಬಂತು.

ಅದೇ ಹೊತ್ತಿಗೆ ಕೊಡ್ಲಿಪೇಟೆಗೆ ಹೆಣ್ಣು ನೋಡೋಕೆ ಹೊರಟಿದ್ದ ಹನ್ನೊಂದು ಜನ ಬಂದ್ರು. ಕೈಲಿ ಹಣ್ಣು, ಹೂವು, ತೆಂಗಿನಕಾಯಿ. ಹುಡುಗನ ಸೋದರಮಾವ ಕೇಳ್ದ, "ಇದು ಕೊಡ್ಲಿಪೇಟೆ ಬಸ್ಸಾ?" ಪರಮೇಶಪ್ಪ ನಗ್ತಾ ತಲೆ ಆಡಿಸ್ದ. "ಎಲ್ಲಾ ಹತ್ತಬೋದಾ?" ತಲೆ ಆಡಿಸ್ದ. ಹನ್ನೊಂದೂ ಜನ ಹತ್ತಿದ್ರು. ಸಾಂತಪ್ಪ ಸ್ಟಾರ್ಟ್ ಮಾಡಿ "ಎಲ್ಲಾ ಮಡಿಕೇರಿಯೋರೇನಾ?" ಅಂತ ಕೂಗ್ದ. ಅದಕ್ಕೂ ತಲೆ ಆಡಿಸ್ದ.

ಮಾದಾಪುರ ದಾಟೋವಾಗ ಅವರಿಗೆ ಗೊತ್ತಾಯ್ತು. ಅಲ್ಲಿಂದ ಯಾವುದೋ ಮರದ ಲಾರಿ ಹತ್ಕೊಂಡು ವಾಪಸ್ ಬರೋ ಹೊತ್ತಿಗೆ ರಾಹುಕಾಲ ಬಂದು, ಹೂವು ಬಾಡಿ, ಹುಡುಗನ ಬಿಳೀ ಶರ್ಟ್ ತುಂಬ ಕೆಂಪು ಧೂಳು. ಸೋದರಮಾವ ಲಾರಿಯಿಂದ ಇಳಿದವನೇ, "ಎಲ್ಲಿ ಆ ನಗೋ ಏಜೆಂಟು?" ಅಂದ.

ಪರಮೇಶಪ್ಪ ಟಿಕೆಟ್ ಮೇಜಿನ ಅಡಿ ಇದ್ದ. ಎಳೆದು ಹೊರಗೆ ಹಾಕಿದ್ರು. ಅವನ ಪುಣ್ಯ, ಆ ತೆಂಗಿನಕಾಯಿ ದೇವರಿಗೆ ಅಂತ ತಂದಿದ್ದು, ಇವನ ತಲೆಗೆ ಒಡೀಲಿಲ್ಲ. ಬಸ್ ಮಾಲೀಕರಿಂದಲೂ ಆಳು ಬಂದ: ಇನ್ನೊಂದ್ಸಲ ಹಿಂಗಾದ್ರೆ ಮನೇಲೇ ಕೂತ್ಕೊಂಡು ಬಸ್ ಬಿಡು ಅಂತ.

ಸುದ್ದಿ ಸಂತೆಗೆ ಮುಟ್ಟಿ, ಸಂತೆಯಿಂದ ಸುಮಿತ್ರಮ್ಮನೂ ಬಂದ್ಲು. ಒಂದು ಕೈಲಿ ಸೊಪ್ಪು, ಒಂದು ಕೈಲಿ ಕುಂಬಳಕಾಯಿ.

"ರೀ, ಕಿವಿ ಮುಚ್ಕೊಳ್ಳೋ ಸಾಮಾನು ತರ್ತಿದೀರಂತೆ? ನಾನು ಕರೆದ್ರೆ ಕೇಳಬಾರದು ಅಂತ ತಾನೇ?"

"ಹಂಗಲ್ಲ ಕಣೇ..."

"ಹೋಗ್ಲಿ, ಈಗ ಮಾತ್ರ ಕೇಳ್ಸುತ್ತೇನು ನಿಮಗೆ? ಸೀಮೆಎಣ್ಣೆ ತನ್ನಿ ಅಂತ ಮೂರು ದಿನದಿಂದ ಹೇಳ್ತಿದೀನಿ!"

ದೇರಪ್ಪ ಮಧ್ಯಕ್ಕೆ ಬಂದ. "ಅಕ್ಕಾ, ಕೋಪ ಮಾಡ್ಬೇಡಿ. ತೆರೆದ ಬೆನ್ನಿಂದು ಉಟ್ಟಲ್ಲ, ಅದು ತಕಣ್ಲಿ. ಹೊರಗಿನ ಸದ್ದೆಲ್ಲ ತೂತಿಂದ ಒಳಗೆ ಬತ್ತದೆ. ನೀವು ಅಡುಗೆಮನೆಂದ ಕರೀರಿ, ಅವ್ರು 'ಆಂ' ಅನ್ನದಿದ್ರೆ ನನ್ನ ಮೀಸೆ ಬೋಳಿಸಿ."

"ಹಂಗಿದ್ರೆ ಸರಿ" ಅಂದ್ಲು ಸುಮಿತ್ರಮ್ಮ. ಕಾಂತಮ್ಮ ಸರಿ ಅಂದ್ಲು. ಸಾಂತಪ್ಪ ಸರಿ ಅಂದ. ಹುಡುಗನ ಸೋದರಮಾವ ಕೂಡ, "ತೂತಿಂದೇ ಕೊಡಿ ಈ ಮನುಷ್ಯಂಗೆ" ಅಂದ.

"ನಂಗೆ ಆ ಮುಚ್ಚಿದ್ದೇ..." ಅಂತ ಪರಮೇಶಪ್ಪ ಶುರು ಮಾಡ್ದ. ಎಲ್ಲರೂ ಅವನ ಕಡೆ ತಿರುಗಿದ್ರು. "...ಬೇಡ" ಅಂದ.

ಅದಕ್ಕೆ ಬದಲಾಗಿ ಏನು ಕೊಡ್ಲಿ ಅಂತ ಪರಮೇಶಪ್ಪ ಕೇಳ್ದಾಗ ದೇರಪ್ಪನೇ ದಾರಿ ಹೇಳ್ದ. "ನಿಮ್ಮ ರೇಡಿಯೋದ ಸ್ಪೀಕರ್ ಕೊಡಿ ಸಾಕು. ಲೆಕ್ಕ ಬರೆಯೋ ಎಸ್ಟೇಟ್ ರೈಟರೊಬ್ರಿಗೆ ಬೇಕಾಗಿ ಉಟ್ಟು. ಹೆಡ್‌ಫೋನ್ ಬಂದ ಮೇಲೆ ನಿಮಗೆ ಸ್ಪೀಕರ್ ಎಂತಕ್ಕೆ?"

ಹೆಂಡ್ತಿ ಆಗಲೇ ಸೊಪ್ಪು ಹೊತ್ಕೊಂಡು ಹೊರಟಾಗಿತ್ತು, ಅವಳಿಗೆ ಇದು ಕೇಳಲಿಲ್ಲ. ಪರಮೇಶಪ್ಪನ ತಲೇಲಿ ಮಾತ್ರ ಜೀವನದಲ್ಲಿ ಮೊದಲನೇ ಸಲ ಒಂದು ದೀಪ ಹತ್ಕೊಳ್ತು. ಸ್ಪೀಕರ್ ಹೋದ್ರೆ ಸದ್ದು ಹೋಯ್ತು. ಸದ್ದು ಹೋದ್ರೆ ಕರಿಬಸಪ್ಪ ಹೋದ, ಕಾಂತಮ್ಮ ಹೋದ್ಲು, ಚಾಪೆ ಹೋಯ್ತು! ಮುಚ್ಚಿದ ಬೆನ್ನಿರಲಿ, ತೆರೆದ ಬೆನ್ನಿರಲಿ, ಮನೇಲಿ ಯಾರೂ ಇಲ್ಲದಿದ್ರೆ ತೂತಲ್ಲಿ ಬರೋಕೆ ಏನಿರ್ತದೆ? "ಈಗಲೇ ಬಾ" ಅಂತ ಊಟದ ಬಿಡುವಲ್ಲೇ ದೇರಪ್ಪನ ಕೈ ಹಿಡ್ಕೊಂಡು ಮನೆಗೆ ಎಳ್ಕೊಂಡು ಹೋದ.

ಸುಮಿತ್ರಮ್ಮ ಹಿತ್ತಲಲ್ಲಿ ಪಾತ್ರೆ ತೊಳೀತಿದ್ಲು. ದೇರಪ್ಪ ರೇಡಿಯೋ ಬೆನ್ನು ಬಿಚ್ಚಿ, ಸ್ಪೀಕರ್ ಕಿತ್ತು ಟವೆಲಲ್ಲಿ ಸುತ್ಕೊಂಡ. ಅದರ ವೈರಿಗೇ ಹೆಡ್‌ಫೋನ್ ಬೆಸುಗೆ ಹಾಕಿ, "ಜೈ ಹಿಂದ್" ಅಂತ ಹೊರಟುಹೋದ.

ಏಳು ಗಂಟೆಗೆ ಕಾಂತಮ್ಮ ಚಾಪೆ ಹಾಸಿದ್ಲು. ಕರಿಬಸಪ್ಪ ಬಂದು ರೇಡಿಯೋ ಕಿವಿ ತಿರುಗಿಸ್ದ. ಉಸಿರಿಲ್ಲ. ಪೆಟ್ಟಿಗೆಗೆ ಎರಡು ಗುದ್ದಿದ. ಆಗಲೂ ಇಲ್ಲ.

"ಸ್ಪೀಕರ್ ಕೊಟ್ಬಿಟ್ಟೆ" ಅಂದ ಪರಮೇಶಪ್ಪ. ನಿಂತಿದ್ದ ರೀತಿ ನೋಡ್ಬೇಕಿತ್ತು, ಕಾಡಾನೆ ಓಡಿಸಿ ಬಂದವನ ಥರ.

"ಕೊಟ್ಬಿಟ್ರಾ! ನಮ್ಮಪ್ಪ ಕೊಟ್ಟ ರೇಡಿಯೋ ಕರುಳು ಕೊಟ್ಬಿಟ್ರಾ!" ಅಂತ ಸುಮಿತ್ರಮ್ಮ ಶುರುಮಾಡಿದ್ಲು. ನಾಟಕದಲ್ಲಿ ಅಳೋರಿಗಿಂತ ಚೆನ್ನಾಗಿ ಅತ್ಲು. ಕರಿಬಸಪ್ಪ, "ನಾಳೆ ನಾನು ಏಲಕ್ಕಿ ಏನಂತ ಕೊಳ್ಳೋದ್ರೀ?" ಅಂದ. ಪರಮೇಶಪ್ಪ ಹೊಸ್ತಿಲು ಬಿಟ್ಟು, ಮೊದಲನೇ ಸಲ ರೇಡಿಯೋ ಪಕ್ಕದ ಕುರ್ಚೀಲಿ ಕೂತ್ಕೊಂಡ. ಹೆಡ್‌ಫೋನ್ ಏರಿಸ್ದ. ಏಳೂವರೆ.

ಟಿಣ್.

ಆಹಾ. ಟಿಣ್ ಟಿಣ್. ಕಿವಿಯೊಳಗಿನ ಬಸ್ಸುಗಳು ಒಂದೊಂದೇ ಶೆಡ್ಡಿಗೆ ಹೋದವು. ಕಣ್ಣು ಮುಚ್ಚಿದ. ಸ್ಪೀಕರಿನ ವೈರಿಗೇ ಹಾಕಿದ್ದಲ್ವಾ, ಸ್ವರ ಒಳ್ಳೇ ಜೋರಾಗೇ ಬರ್ತಿತ್ತು. ಒಂದು ನಿಮಿಷ. ಎರಡು ನಿಮಿಷ. ಮೂರನೇದಕ್ಕೆ ಬಲಗಡೆ ಕೆನ್ನೆಗೆ ಯಾರದ್ದೋ ಎಲೆಅಡಿಕೆ ಉಸಿರು ಬಡೀತು.

ಕಣ್ಣು ಬಿಟ್ರೆ ಕಾಂತಮ್ಮ. ಅವಳ ಕಿವಿ ಇವನ ಕಿವಿಗೆ ನಾಲ್ಕು ಬೆರಳು ದೂರ.

"ಬರ್ತಿದೆ ಕಣ್ರೋ!" ಅಂತ ಕಿರುಚಿದ್ಲು. "ಇವನ ಕಿವೀಲಿ ರೇಡಿಯೋ ಬರ್ತಿದೆ!"

ಹೊರಗಿಂದು ಒಳಗೆ ಬರೋ ತೂತಲ್ಲಿ ಒಳಗಿಂದು ಹೊರಗೂ ಹೋಗ್ತದೆ ಅಂತ ದೇರಪ್ಪ ಹೇಳಲಿಲ್ಲ, ಇವರು ಕೇಳಲಿಲ್ಲ. ಸುಮಿತ್ರಮ್ಮ ಅಳು ನಿಲ್ಲಿಸಿ ಎಡಗಡೆ ಬಂದ್ಲು. ಬೆಂಚು ಹತ್ರ ಬಂತು, ಚಾಪೆ ಹತ್ರ ಬಂತು. ಕರಿಬಸಪ್ಪ ಬಾಗಿ ಒಂದು ಗಳಿಗೆ ಕೇಳಿ, "ಥೂ, ಮತ್ತೆ ಲೋಟ ತೊಳೀತಾವ್ರೆ" ಅಂದು ರೇಡಿಯೋ ಕಿವಿ ತಿರುಗಿಸಿಯೇಬಿಟ್ಟ.

ಏಲಕ್ಕಿ ಧಾರಣೆ ಪರಮೇಶಪ್ಪನ ಎರಡೂ ಕಿವೀಲಿ ಒಟ್ಟಿಗೆ ಸಿಡೀತು.

"ತಗೊಳ್ಳಿ, ನೀವೇ ಹಾಕ್ಕೊಳ್ಳಿ!" ಅಂತ ಕಿತ್ತು ಕೊಟ್ಟ. ಕರಿಬಸಪ್ಪ ಹಾಕ್ಕೊಂಡ, ಐದು ಎಣಿಸೋದ್ರಲ್ಲಿ "ಅಯ್ಯಪ್ಪಾ, ಕಿವಿ ಹರೀತದೆ" ಅಂತ ತೆಗೆದ. ಕಾಂತಮ್ಮಂಗೆ ತುರುಬು ಅಡ್ಡ ಬಂತು. ಹಿತ್ತಾಳೆ ಬಿಂದಿಗೆಗೆ ಹಾಕಿ ನೋಡಿದ್ರು, ಬಿಂದಿಗೆ ಗಡಗಡ ಅಂತು. ಕುಂಬಳಕಾಯಿಗೆ ಹಾಕಿದ್ರು. ಅದರಲ್ಲಿ ಪರವಾಗಿಲ್ಲ, ಚೆನ್ನಾಗೇ ಬಂತು.

"ಆದ್ರೂ ಏಜೆಂಟ್ರ ತಲೇಲಿ ಬಂದಂಗೆ ಬರಲ್ಲ ಬಿಡಿ" ಅಂತ ಕರಿಬಸಪ್ಪ ತೀರ್ಪು ಕೊಟ್ಟು, ಹೆಡ್‌ಫೋನನ್ನ ವಾಪಸ್ ಪರಮೇಶಪ್ಪನ ತಲೆಗೇ ಏರಿಸ್ದ.

ಮುಂಚೆ ಆದ್ರೆ ಬೇಜಾರಾದಾಗ ಎದ್ದು ಜಗುಲಿಗೆ ಹೋಗ್ತಿದ್ದ. ಈಗ ಅವನು ಎದ್ರೆ ರೇಡಿಯೋನೇ ಎದ್ದು ಹೋದಂಗೆ. ಧಾರಣೆ ಮುಗೀತು, ಕಾಂತಮ್ಮನ ಭಕ್ತಿಗೀತೆ ಆಯ್ತು. ಎಂಟು ಗಂಟೆಗೆ ನಾಟಕ ಶುರುವಾಯ್ತು. ಪರಮೇಶಪ್ಪ ಮೆಲ್ಲಗೆ ಕುರ್ಚಿಯಿಂದ ಒಂದಿಷ್ಟು ಮೇಲೆದ್ದ.

ಸುಮಿತ್ರಮ್ಮ ಅವನ ಗಲ್ಲ ಹಿಡಿದು ಕೂರಿಸಿದ್ಲು.

"ರೀ, ಅಲ್ಲಾಡ್ಬೇಡಿ. ತಲೆ ಒಂಚೂರು ಈ ಕಡೆ ಮಾಡಿ, ಸೊಸೆ ಅಳೋದು ಸರಿಯಾಗಿ ಕೇಳ್ತಿಲ್ಲ."